‘ಡಿಸ್ಕಸ್’ಗೆ ‘ಅಬೌಟ್’ ಬೇಡ, ನಿಮಗೆ ನಾಚಿಕೆ ಬೇಡ

ಇವತ್ತು ರಾಜಕೀಯ ಬೇಡ. ಒಂದು ಇಂಗ್ಲಿಷ್ ಪದದ ವಿಚಾರ ಮಾತಾಡೋಣ.

ಮೊನ್ನೆ ಕೊಟ್ಟೂರಿನಲ್ಲಿ ವಿದ್ಯಾರ್ಥಿಗಳ ಜೊತೆ ಸಂವಾದ ಇತ್ತು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆ ಅದು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮಕ್ಕಳೂ ಬಂದಿದ್ದರು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ನಾನು ‘ಡಿಸ್ಕಸ್ ಅಬೌಟ್’ ಅಂದ್ರ ನಗ್ತಾರ್ರೀ. ಅದರಾಗ ತಪ್ಪೇನೈತ್ರೀ?”

ನನಗೆ ನನ್ನ ಕ್ಯಾಂಪಸ್ ಇಂಟರ್‌ವ್ಯೂ ನೆನಪಾಯ್ತು. “ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಜೆಕ್ಟ್” ಅಂದೆ. ಎದುರಿಗಿದ್ದವರು ನಕ್ಕರು. ಯಾಕೆ ಅಂತ ಹೇಳಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೆಲ್ಲ ಆ ಕ್ಷಣಕ್ಕೆ ಮರೆತೇ ಹೋಯ್ತು. ಕೆಲಸವೂ ಸಿಗಲಿಲ್ಲ. ಈಗ ದಿನಾ ರಾತ್ರಿ ಪ್ಯಾನೆಲ್ ಡಿಸ್ಕಷನ್ ನಡೆಸೋದೇ ನನ್ನ ಕೆಲಸ!

ಈ ತಪ್ಪು ಬರೋದು ನಮ್ಮ ಕನ್ನಡದ ರೂಢಿಯಿಂದ. ಕನ್ನಡದಲ್ಲಿ ‘ಸಮಸ್ಯೆಯನ್ನು ಚರ್ಚಿಸಿದರು’ ಅಂದರೂ ಸರಿ, ‘ಸಮಸ್ಯೆಯ ಬಗ್ಗೆ ಚರ್ಚಿಸಿದರು’ ಅಂದರೂ ಸರಿ. ಇಂಗ್ಲಿಷಿನಲ್ಲಿ ಮೊದಲನೆಯ ದಾರಿ ಮಾತ್ರ. ‘ಡಿಸ್ಕಸ್’ ಪದದ ಲ್ಯಾಟಿನ್ ಮೂಲಕ್ಕೆ ಜಾಡಿಸಿ ಬಿಡಿಸು ಅನ್ನೋ ಅರ್ಥ ಇದೆ. ಆ ಹುಡುಗಿಗೆ ಹೇಳಿದೆ: “ಹೊಲದಲ್ಲಿ ಶೇಂಗಾ ಗಿಡ ಕಿತ್ತು ಮಣ್ಣು ಜಾಡಿಸ್ತೀರಲ್ಲಮ್ಮ, ಗಿಡದ ‘ಬಗ್ಗೆ’ ಜಾಡಿಸ್ತೀರಾ? ಗಿಡವನ್ನೇ ಜಾಡಿಸ್ತೀರಿ. ಹಾಗೇ ‘ಡಿಸ್ಕಸ್ ದ ಪ್ರಾಬ್ಲಮ್’. ಮಧ್ಯೆ ಏನೂ ಬೇಡ.”

ಹಾಗಂತ ‘ಅಬೌಟ್’ ಮೇಲೆ ಸಿಟ್ಟು ಬೇಡ. ‘ಟಾಕ್ ಅಬೌಟ್ ದ ಪ್ರಾಬ್ಲಮ್’ ಅನ್ನುವಾಗ ಅದು ಬೇಕೇ ಬೇಕು. ‘ಎ ಡಿಸ್ಕಷನ್ ಅಬೌಟ್ ದ ಪ್ರಾಬ್ಲಮ್’ ಕೂಡ ಸರಿ, ಯಾಕಂದ್ರೆ ಅಲ್ಲಿ ‘ಡಿಸ್ಕಷನ್’ ನಾಮಪದ. ಕ್ರಿಯಾಪದ ‘ಡಿಸ್ಕಸ್’ ಬಂದಾಗ ಮಾತ್ರ ಕೈಬಿಡಿ. ಯಾರ ಜೊತೆ ಅಂತ ಹೇಳಬೇಕಾದರೆ ‘ವಿತ್’ ಸೇರಿಸಿ: ‘ಡಿಸ್ಕಸ್ ಇಟ್ ವಿತ್ ಯುವರ್ ಟೀಚರ್’.

1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ತಮ್ಮ ಹೆಸರನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ನಾಡನ್ನೆಲ್ಲ ನಗಿಸಿದರು. ಅಂಥ ಊರಿನ ಮಕ್ಕಳು ಇಂಗ್ಲಿಷಿಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂರಬೇಕಾ?

ಇಂಟರ್‌ವ್ಯೂ ಮಾಡುವವರಿಗೆ, ಮೇಷ್ಟ್ರುಗಳಿಗೆ ನನ್ನದೊಂದೇ ವಿನಂತಿ. ಒಂದು ‘ಅಬೌಟ್’ ಹೆಚ್ಚಾದರೆ ಅರ್ಥವೇನೂ ಕೆಡಲ್ಲ. ತಿದ್ದೋಕೆ ಒಂದು ನಿಮಿಷ ಸಾಕು. ನಕ್ಕುಬಿಟ್ಟರೆ ಆ ಮಗು ವರ್ಷಗಟ್ಟಲೆ ಬಾಯಿ ಬಿಡಲ್ಲ. ತಿದ್ದಿ, ನಗಬೇಡಿ.