ಸೂಲಗಿತ್ತಿಯ ಕೈಗೆ ಇನ್ನೊಂದು ಕಾಯಕ
(ಕುರೆಕುಪ್ಪದಲ್ಲಿ ಮಾಡಿದ ಉಪನ್ಯಾಸ)



ಬಸವಾದಿ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಜನನಸೂತಕ, ರಜಸ್ಸೂತಕ ಎರಡೂ ಅದರಲ್ಲಿವೆ. ವೇದಿಕೆಯ ಮೇಲೆ ನಾವೆಲ್ಲ ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಮನೆಯೊಳಗೆ ಮಾತ್ರ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ, ನಾರುವ ಬಿಳಿಸೆರಗು ಹೋದರೂ, ತಾಯಿ ಮಗಳಿಗೂ ಹೇಳುವುದಿಲ್ಲ. ಈ ಭಾಗದಲ್ಲಿ ಬಹಳ ಕಾಲ ಹೆರಿಗೆ ಮಾಡಿಸಿದ ನಾನು ಇದನ್ನು ಬಲ್ಲೆ. ಗರ್ಭಕೊರಳಿನ ಕ್ಯಾನ್ಸರಿಗೆ ಈ ನಾಚಿಕೆಯೇ ದೊಡ್ಡ ಆಸರೆ.

ರೋಗಕ್ಕೆ ಕಾರಣ ಎಚ್‌ಪಿವಿ ಎಂಬ ವೈರಾಣು. ಬಹಳಷ್ಟು ಹೆಂಗಸರಿಗೆ ಯಾವಾಗಲೋ ತಗಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಹತ್ತು ಹದಿನೈದು ವರ್ಷಗಳಲ್ಲಿ ಕ್ಯಾನ್ಸರಾಗುತ್ತದೆ. ನಡತೆಯ ಮಾತು ಬೇಡ; ಒಬ್ಬನೇ ಗಂಡನೊಡನೆ ಬಾಳಿದವಳಿಗೂ ಬರುತ್ತದೆ.

ಪರೀಕ್ಷೆ ಸರಳ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿಯನ್ನೇ, ಹಚ್ಚಿ ಒಂದು ನಿಮಿಷ ಕಾಯಬೇಕು. ಕೆಡುತ್ತಿರುವ ಜೀವಕೋಶಗಳಿದ್ದಲ್ಲಿ ಬಿಳಿ ಮಚ್ಚೆ ಮೂಡುತ್ತದೆ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳಲ್ಲಿ ಈ ಪರೀಕ್ಷೆ ಮಾಡಿಸಿದರು. ಮಾಡಿದವರು ವೈದ್ಯರಲ್ಲ, ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಪರೀಕ್ಷೆಗೆ ಕರೆದ ಹೆಂಗಸರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತು. ಹಾಗಿರುವಾಗ ನಮ್ಮ ದಾದಿಯರಿಗೆ ಏಕೆ ಆಗದು?

ಆದರೆ ತರಬೇತಿ ಎಂದರೆ ಕಣ್ಣಿಗಷ್ಟೇ ಅಲ್ಲ, ನಾಲಿಗೆಗೂ ಬೇಕು. ಸೋಂಕಿನಿಂದಲೂ ಬಿಳಿ ಕಾಣಬಹುದು. ಮಚ್ಚೆ ಕಂಡೊಡನೆ ಕ್ಯಾನ್ಸರ್ ಎಂದು ಬಾಯಿತಪ್ಪಿಯೂ ಅನ್ನಬಾರದು. ವಯಸ್ಸಾದವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ, ಅವರಿಗೆ ಎಚ್‌ಪಿವಿ ಪರೀಕ್ಷೆಯೇ ಮೇಲು. ಮಚ್ಚೆ ಇದ್ದವಳಿಗೆ ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯಲಿಲ್ಲ. ಅವಳು ಕೂಲಿ ಬಿಟ್ಟು ಸಂಡೂರಿಗೋ ಬಳ್ಳಾರಿಗೋ ಹೋಗಬೇಕು. ಜೊತೆಗೆ ಹೋಗುವವರು ಯಾರು? ಅಕ್ಕನ ಬಳಗದವರು ಸರದಿ ಹಾಕಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂಥ ಹಿರಿಯ ಸೂಲಗಿತ್ತಿಯರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಪರೀಕ್ಷೆ ಅವರು ಮಾಡುವುದು ಬೇಡ, "ಹೋಗವ್ವ, ತೋರಿಸ್ಕೊಂಡು ಬಾ" ಎಂದರೆ ಸಾಕು. ನಮ್ಮ ಹತ್ತು ಭಿತ್ತಿಪತ್ರಕ್ಕಿಂತ ಆ ಮಾತಿಗೆ ತೂಕ.

ಸರ್ಕಾರದ ನಿಯಮದಂತೆ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ. ರಕ್ತಸ್ರಾವ ಇದ್ದವರು ಅದಕ್ಕೆ ಕಾಯದೆ ನೇರ ವೈದ್ಯರ ಬಳಿ ಹೋಗಿ.

ಈಗ ನಿಮ್ಮ ಪ್ರಶ್ನೆಗಳು. ಅಣ್ಣಂದಿರು ಎದ್ದು ಹೊರಗೆ ಹೋಗಬೇಕಿಲ್ಲ, ಕುಳಿತುಕೊಳ್ಳಿ.