ಬೆಂಗಳೂರು ಕೋಟೆಯೂ ನಮ್ಮ ಕಲ್ಲುಮಂಟಪವೂ

(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಓದಿ ಬಾಗಲೂರಿನಲ್ಲಿ ಅಂಗಡಿ ಇಟ್ಟುಕೊಂಡವನು. ಸಾಮಾನು ತರಲು ಬೆಂಗಳೂರಿನ ಪೇಟೆಗೆ ಹೋಗಿಬರುವುದು ನನ್ನ ರೂಢಿ. ಅಲ್ಲಿ ಕೆ.ಆರ್. ಮಾರ್ಕೆಟ್ಟಿನ ಹತ್ತಿರ ಇರುವ ಹಳೆಯ ಕೋಟೆಯನ್ನು ನೋಡಿಬಂದೆ. ಆ ವಿಷಯವಾಗಿ ಎರಡು ಮಾತು ಅರಿಕೆ ಮಾಡುತ್ತೇನೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಲು ತೊಡಗಿದನು. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ಹೊಸೂರು, ರಾಯಕೋಟೆಗಳೂ ಇಂಗ್ಲಿಷರ ವಶವಾದವು. ಮುಂದೆ ದಿವಾನ್ ಪೂರ್ಣಯ್ಯನವರು ಬೆಂಗಳೂರು ಕೋಟೆಯನ್ನು ದುರಸ್ತಿ ಮಾಡಿಸಿದರು. ಆದರೆ ಕಾಲಕ್ರಮದಲ್ಲಿ ಅದರ ಬಹುಭಾಗ ರಸ್ತೆ, ಕಟ್ಟಡಗಳಿಗೆ ಹೋಯಿತು.

ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ. ಪುರಾತತ್ವ ಇಲಾಖೆಯವರು ಕಾಪಾಡಿಕೊಂಡು ಬಂದಿದ್ದಾರೆ. ಒಳಗೆ ಗಣಪತಿಯ ಗುಡಿ ಇದೆ. ಸ್ವಲ್ಪ ದೂರ ನಡೆದರೆ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಪಕ್ಕದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ತೇಗದ ಮರದ ಅರಮನೆ. ಅದರ ಗೋಡೆಗಳ ಮೇಲಿನ ಹೂಬಳ್ಳಿಯ ಚಿತ್ರ ಬಹಳಷ್ಟು ಅಳಿಸಿದೆ, ಕೆಲವೆಡೆ ಮಾತ್ರ ಉಳಿದಿದೆ.

ಮಹನೀಯರೇ, ಇಷ್ಟು ದೊಡ್ಡ ಕೋಟೆಯಲ್ಲಿ ಇವೇ ಏಕೆ ಉಳಿದವು? ಗುಡಿಯಲ್ಲಿ ದೀಪ ಹಚ್ಚುವವರಿದ್ದರು. ಅರಮನೆಯಲ್ಲಿ 1868ರವರೆಗೆ ಸರ್ಕಾರಿ ಕಚೇರಿ ನಡೆಯಿತು. ದಿನವೂ ಜನ ಓಡಾಡುವ ಜಾಗಕ್ಕೆ ಕಾವಲು ತಾನಾಗಿಯೇ ಇರುತ್ತದೆ. ಯಾರಿಗೂ ಬೇಡವಾದ ಗೋಡೆಯ ಕಲ್ಲು ಒಂದೊಂದಾಗಿ ಹೋಯಿತು.

ಇದನ್ನು ಏಕೆ ಹೇಳಿದೆನೆಂದರೆ, ನಮ್ಮ ಗುಡಿಯ ಕಲ್ಲುಮಂಟಪಕ್ಕೆ ಟೈಲ್ಸ್ ಹಾಕಿಸಿ, ಕಂಬಗಳಿಗೆ ಬಣ್ಣ ಬಳಿಸೋಣ ಎಂಬ ಸಲಹೆ ಬಂದಿದೆ. ಹಣ ಕೊಡುವ ದಾನಿಗಳ ಭಕ್ತಿ ದೊಡ್ಡದು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಆ ನೆಲಗಲ್ಲಿನಲ್ಲಿ ಹಳೆಯ ಅಕ್ಷರಗಳಿವೆ. ಸಿಮೆಂಟು ಮೆತ್ತಿದರೆ ಓದುವವರಿಗೆ ಸಿಗುವುದಿಲ್ಲ. ಮೊದಲು ತಿಳಿದವರನ್ನು ಕರೆಸಿ ಅಕ್ಷರದ ಅಚ್ಚು ತೆಗೆಸೋಣ. ಸಂದಿಗಳಿಗೆ ಸುಣ್ಣದ ಗಾರೆ ಹಾಕಿಸೋಣ. ಗೋಪುರದ ಮೇಲೆ ಹುಟ್ಟಿರುವ ಅರಳಿಗಿಡವನ್ನು ಬೇರು ಸಹಿತ ತೆಗೆಸೋಣ. ಅದೇ ಹಣ ಇವಕ್ಕೆ ಸದ್ವಿನಿಯೋಗವಾಗಲಿ. ಮಂಟಪದಲ್ಲಿ ವಾರಕ್ಕೊಮ್ಮೆ ಭಜನೆ ನಡೆದರೆ ಕಾವಲೂ ಆಯಿತು, ಸೇವೆಯೂ ಆಯಿತು.

ಹೊಸದನ್ನು ಯಾವಾಗ ಬೇಕಾದರೂ ಕಟ್ಟಬಹುದು. ಹಳೆಯದನ್ನು ಮತ್ತೆ ಕಟ್ಟಲಾಗದು. ಜೀರ್ಣೋದ್ಧಾರವೆಂದರೆ ಇದ್ದದ್ದನ್ನು ಎತ್ತಿ ನಿಲ್ಲಿಸುವುದು. ಸಮಿತಿಯ ಮುಂದಿನ ಸಭೆಯಲ್ಲಿ ತಾವೆಲ್ಲರೂ ಇದನ್ನು ಆಲೋಚಿಸಬೇಕೆಂದು ಪ್ರಾರ್ಥಿಸಿ, ಸರ್ವರಿಗೂ ಭಗವಂತನು ಸನ್ಮಂಗಳವನ್ನುಂಟುಮಾಡಲೆಂದು ಬೇಡಿ ನನ್ನ ಮಾತು ಮುಗಿಸುತ್ತೇನೆ.