ಬಳೆ ಬಿಗಿಯಾದಾಗ



ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಿಮೋ, ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಎಲ್ಲ ಮುಗಿಸಿಕೊಂಡು ಬೆಂಗಳೂರಿನ ಕಿದ್ವಾಯಿಯಿಂದಲೋ ಮೈಸೂರಿನಿಂದಲೋ ಊರಿಗೆ ಮರಳಿದ ಹೆಂಗಸಿಗೆ ಮನೆಮಂದಿಯೆಲ್ಲ ಹೇಳುವ ಮಾತು, "ಆ ಕೈಲಿ ಏನೂ ಎತ್ತಬೇಡ ಕಣವ್ವ." ಅಕ್ಕರೆಯ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಕೊಳ್ಳೇಗಾಲದ ಸುತ್ತ ಹಿಪ್ಪುನೇರಳೆ ಸೊಪ್ಪು ಕೊಯ್ಯುವವಳು, ಹನೂರಿನ ಕಡೆ ಮಳೆ ನಂಬಿ ರಾಗಿ ಬಿತ್ತುವವಳು, ಯಳಂದೂರಿನ ಗದ್ದೆಗೆ ನಾಟಿಗಿಳಿಯುವವಳು ಎಷ್ಟು ದಿನ ಕೈಕಟ್ಟಿ ಕೂತಾಳು?

ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರೆ ಆ ಕೈಯ ನೀರು ಹರಿದುಹೋಗುವ ದಾರಿ ಕಿರಿದಾಗಿರುತ್ತದೆ. ತಿಂಗಳುಗಳು, ಕೆಲವರಿಗೆ ವರ್ಷಗಳೇ ಕಳೆದ ಮೇಲೆ ಬಾವು ಬರಬಹುದು. ಎಷ್ಟೋ ಸಲ ಅದು ಮೊದಲು ತಿಳಿಯುವುದು ಬಳೆಯಲ್ಲಿ. ಮೊನ್ನೆಯವರೆಗೆ ಸಲೀಸಾಗಿ ಆಡುತ್ತಿದ್ದ ಗಾಜಿನ ಬಳೆ ಮಣಿಕಟ್ಟಿಗೆ ಕಚ್ಚಿಕೊಳ್ಳುತ್ತದೆ, ರವಿಕೆಯ ಒಂದೇ ತೋಳು ಬಿಗಿಯುತ್ತದೆ. ಆಗಲೇ ವೈದ್ಯರಿಗೆ ತೋರಿಸಿದರೆ ಹತೋಟಿ ಸುಲಭ. ಕೈ ಕೆಂಪಾಗಿ, ಬಿಸಿಯೇರಿ, ಜ್ವರ ಬಂದರಂತೂ ಅವತ್ತೇ ಹೋಗಬೇಕು. ಸೊಪ್ಪು ಕಡ್ಡಿ ಗೀರಿದ ಸಣ್ಣ ಗಾಯವೂ ಸಾಕು ಸೋಂಕಿಗೆ. ಅದಕ್ಕೇ ತೋಟದಲ್ಲಿ ಆ ಕೈಗೊಂದು ಹಳೇ ತುಂಬುತೋಳಿನ ಅಂಗಿ, ಕೈಗವಸು ಇರಲಿ.

ಇನ್ನು ಭಾರದ ಮಾತು. ಹಿಂದೆ ವೈದ್ಯರೂ ಬೇಡವೆನ್ನುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ತಿಳಿದವರ ಕಣ್ಗಾವಲಿನಲ್ಲಿ ಸ್ವಲ್ಪಸ್ವಲ್ಪವೇ ಭಾರ ಏರಿಸುತ್ತ ಹೋದರೆ ಬಾವು ಹೆಚ್ಚುವುದಿಲ್ಲವೆಂದು ತೋರಿಸಿತು.

ಇದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳಿಯೇ ಇರುತ್ತಾರೆ. ಆದರೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಯಾರ ತಲೆಗೆ ಹೋದೀತು? ಅದೇ ಹಾದಿ ನಡೆದ ಇನ್ನೊಬ್ಬಳು ತೋಳಿನ ವ್ಯಾಯಾಮಕ್ಕೆಂದು ಗೋಡೆಯ ಮೇಲೆ ಬೆರಳು ಹತ್ತಿಸಿ, ಮುಟ್ಟಿದಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದು, "ನಾಳೆ ಇದಕ್ಕಿಂತ ಮೇಲೆ" ಎಂದರೆ ಮರೆಯುವುದಿಲ್ಲ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ತಾನೇ ಸ್ತನ ಕಳೆದುಕೊಂಡ ಮೇಲೆ 1950ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮಾಡಿದ್ದು ಇದನ್ನೇ. ಕೆಲವು ವೈದ್ಯರಿಗೆ ಅದು ಹಿಡಿಸಲಿಲ್ಲ. ಆಕೆ ಬಿಡಲಿಲ್ಲ.

ನಮ್ಮಲ್ಲಿ ಇದಕ್ಕೆಂದೇ ಹೊಸ ಸಂಘ ಕಟ್ಟಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸ್ತ್ರೀಶಕ್ತಿ ಗುಂಪುಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಹಾಗೆಂದು ತುಂಬಿದ ಸಭೆಯಲ್ಲಿ ಕಾಯಿಲೆಯ ಹೆಸರೆತ್ತಬಾರದು. ಮಗಳ ಮದುವೆಗೆ ತೊಡಕಾದೀತೆಂದು ಮುಚ್ಚಿಟ್ಟವರು ಬೇಕಾದಷ್ಟು ಜನ. ಕಾಯಿಲೆ ಕಂಡವಳ ಒಪ್ಪಿಗೆ ಪಡೆದು, ಅದೇ ಹಾದಿ ನಡೆದ ಇನ್ನೊಬ್ಬಳೊಡನೆ ಜೋಡಿಸಿಕೊಟ್ಟರಾಯಿತು. ಹಿತ್ತಿಲಲ್ಲಿ ಕೂತು ಅವರೇ ಮಾತಾಡಿಕೊಳ್ಳುತ್ತಾರೆ: ರವಿಕೆಯೊಳಗಿನ ಹತ್ತಿದಿಂಬು ಮೇಲೇರದಂತೆ ತೂಕಕ್ಕೆ ಏನು ತುಂಬುವುದು, ಗಂಡನೊಡನೆ ಹೇಗೆ, ರಾತ್ರಿ ಹೆದರಿಕೆಯಾದರೆ ಏನು ಮಾಡುವುದು.

ಒಂದು ಎಚ್ಚರಿಕೆ ಮಾತ್ರ. ಜೊತೆಗಾತಿ ವೈದ್ಯೆಯಲ್ಲ. "ನನಗೆ ನಾಟಿ ಔಷಧಿಯಲ್ಲೇ ವಾಸಿಯಾಯ್ತು" ಎನ್ನುವವಳಿಂದ ಕೇಡೇ ಹೆಚ್ಚು. ಟ್ಯಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ನುಂಗಬೇಕು. ಮೈ ಬಿಸಿಯೇರುತ್ತದೆಂದು ತಾವಾಗಿ ನಿಲ್ಲಿಸಬಾರದು. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕು.

2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ತಪಾಸಣೆಗೆ ಮೈಸೂರಿಗೆ ಇಬ್ಬರೂ ಕೂಡಿ ಹೋಗಬಹುದು. ಒಬ್ಬಳು ಚೀಟಿಯ ಸಾಲಿನಲ್ಲಿ ನಿಂತರೆ ಇನ್ನೊಬ್ಬಳು ಹಳೇ ರಿಪೋರ್ಟುಗಳ ಚೀಲ ಹಿಡಿದು ಕೂರುತ್ತಾಳೆ.